ಲಿಲಾವಿನಿಂದ ಮೆರವಣಿಗೆಗೆ

ಬೈಲಹೊಂಗಲ ಸೀಮೆಯ ಹಳ್ಳಿಗೆ ಸೇನೆಯಿಂದ ನಿವೃತ್ತನಾದ ಯೋಧ ಬರುವ ದಿನ ಡೊಳ್ಳಿನವರಿಗಿಂತ ಮೊದಲು ಊರ ಅಗಸಿಗೆ ಬಂದು ನಿಲ್ಲುವುದು ಜೀಪು. ಅದರ ಹುಡ್ ಬಿಚ್ಚಿರುತ್ತಾರೆ. ಮುಂದಿನ ಗಾಜನ್ನು ಚೌಕಟ್ಟಿನ ಸಮೇತ ಬಾನೆಟ್ಟಿನ ಮೇಲೆ ಮಡಚಿ ಮಲಗಿಸಿರುತ್ತಾರೆ. ಬಂಪರಿನಿಂದ ಹಿಂದಿನ ಸ್ಟೆಪ್ನಿಯವರೆಗೆ ಚೆಂಡುಹೂವಿನ ಮಾಲೆ, ಎರಡೂ ಬದಿಗೆ ತ್ರಿವರ್ಣ ಧ್ವಜ. ಹದಿನೇಳೋ ಇಪ್ಪತ್ತೋ ವರ್ಷ ಸೇವೆ ಮುಗಿಸಿದ ಹವಾಲ್ದಾರ ಸಮವಸ್ತ್ರದಲ್ಲೇ ಹತ್ತಿ ನಿಲ್ಲುತ್ತಾನೆ. ಪಕ್ಕದಲ್ಲಿ ಹೆಂಡತಿ, ಮಕ್ಕಳು, ಎಷ್ಟೋ ಸಲ ಮುಪ್ಪಿನ ತಾಯಿ. ದಾರಿಯಲ್ಲಿ ಕಿತ್ತೂರು ಚನ್ನಮ್ಮನ ಮೂರ್ತಿಗೋ ರಾಯಣ್ಣನ ಮೂರ್ತಿಗೋ ಮಾಲೆ ಹಾಕಿ, ಮನೆಮನೆಯ ಆರತಿ ತೆಗೆದುಕೊಳ್ಳುತ್ತಾ ಗಾಡಿ ಆಮೆಯಂತೆ ಸಾಗುತ್ತದೆ.

ಈ ಸಂಭ್ರಮದ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟಗಳಲ್ಲಿ ಬರುತ್ತಲೇ ಇರುತ್ತದೆ. ಫೋಟೊದಲ್ಲಿ ಎಲ್ಲರ ಕಣ್ಣು ಯೋಧನ ಮೇಲೆ. ಅವನನ್ನು ಹೊತ್ತ ಗಾಡಿಯದೂ ಒಂದು ಸೇವಾ ಚರಿತ್ರೆ ಎಂಬುದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅದು ಸೇನೆಯ ಡಿಪೊದಿಂದಲೋ ನೀರಾವರಿ, ಅರಣ್ಯ, ಲೋಕೋಪಯೋಗಿ ಇಲಾಖೆಗಳ ಕಚೇರಿ ಅಂಗಳದಿಂದಲೋ ಲಿಲಾವಿನಲ್ಲಿ, ಅಂದರೆ ಹರಾಜಿನಲ್ಲಿ, ಹೊರಬಿದ್ದದ್ದು. ತುಕ್ಕು ತಿಂದು, ಗಾಲಿ ಕಳಚಿ, ತೂಕದ ಲೆಕ್ಕಕ್ಕೆ ಗುಜರಿ ಸೇರಬೇಕಿದ್ದದ್ದು. ಅದನ್ನು ಹಿಡಿದು ನಿಲ್ಲಿಸಿ, ಹೊಸ ತಗಡು, ಹೊಸ ಎಂಜಿನ್ನು ಕೊಟ್ಟು ಮತ್ತೆ ರಸ್ತೆಗಿಳಿಸುವ ಕೈಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಈ ಪಟ್ಟಿಯಲ್ಲಿ ಇನ್ನೂ ಕೆಲವು ಉಳಿದಿವೆ. ಈ ಲೇಖನ ಆ ಕೈಗಳಿಗಾಗಿ.

ಮಾರುವುದಿದೆ

ಬೈಲಹೊಂಗಲದಿಂದ ಸವದತ್ತಿ ಕಡೆ ಹೋಗುವ ರಸ್ತೆಯಲ್ಲಿ ಊರು ದಾಟುವ ಮುನ್ನ ಒಂದು ತಗಡಿನ ಷೆಡ್ಡು ಇದೆ. ಎದುರಿಗೆ ನಿಂತ ಜೀಪಿನ ಗಾಜಿನ ಮೇಲೆ ಸುಣ್ಣದಲ್ಲಿ 'ಮಾರುವುದಿದೆ' ಎಂದು ಬರೆದಿದೆ. ಷೆಡ್ಡಿನ ಒಡೆಯನನ್ನು ಊರೆಲ್ಲ ಮಿಸ್ತ್ರಿ ಕಾಕಾ ಎಂದೇ ಕರೆಯುತ್ತದೆ. ವಯಸ್ಸು ಅರವತ್ತೈದರ ಆಸುಪಾಸು. ಎಣ್ಣೆ ಇಂಗಿದ ಖಾಕಿ ಅಂಗಿ, ಕಿವಿಯ ಮೇಲೊಂದು ಪೆನ್ಸಿಲು. ಪತ್ರಿಕೆಯಲ್ಲಿ ಹೆಸರು ಬರುವುದು ಅವರಿಗೆ ಬೇಡ. 'ಗಾಡಿದ್ದು ಬರೀರಿ, ನನ್ನ ಹೆಸರ ತಗೊಂಡ ಏನ ಮಾಡ್ತೀರಿ' ಎಂದರು.

ಮಾರಾಟಕ್ಕಿರುವ ಗಾಡಿ ಎತ್ತರ ಬಾನೆಟ್ಟಿನದು. ಜೀಪು ಬಲ್ಲವರು ದೂರದಿಂದಲೇ ಗುರುತಿಸುವುದು ಆ ಬಾನೆಟ್ಟಿನಿಂದಲೇ. ಯುದ್ಧಕಾಲದ ಜೀಪಿನ ಬಾನೆಟ್ಟು ತಗ್ಗು. 1953ರಲ್ಲಿ ಅಮೆರಿಕದ ವಿಲ್ಲೀಸ್ ಕಂಪನಿ ಹರಿಕೇನ್ ಎಂಬ ಎಂಜಿನ್ನನ್ನು ಸಿಜೆ-3ಬಿ ಮಾದರಿಯಲ್ಲಿ ಕೂಡಿಸಿತು. ಅದರ ಒಳಬಿಡುವ (ಇನ್‌ಟೇಕ್) ವಾಲ್ವುಗಳು ಬ್ಲಾಕಿನಿಂದ ಮೇಲೆ ಹೆಡ್ಡಿಗೆ ಏರಿದ್ದರಿಂದ ಎಂಜಿನ್ನೇ ಎತ್ತರವಾಯಿತು. ಹೊಸ ಮೈ ಕಟ್ಟುವ ಖರ್ಚು ಉಳಿಸಲು ಬಾನೆಟ್ಟನ್ನಷ್ಟೇ ಎತ್ತರಿಸಿದರು. ಅಮೆರಿಕದಲ್ಲಿ ಆ ರೂಪ 1968ಕ್ಕೆ ನಿಂತಿತು. ಮಹೀಂದ್ರ ಕಂಪನಿ ಅದೇ ಎತ್ತರದ ಮುಖವನ್ನು ಭಾರತದಲ್ಲಿ ಮುಂದೆಯೂ ದಶಕಗಳ ಕಾಲ ಅಚ್ಚು ಹೊಡೆಯಿತು. ನಮ್ಮ ಊರುಗಳಲ್ಲಿ ಜೀಪು ಎಂದರೆ ಕಣ್ಣ ಮುಂದೆ ಬರುವುದು ಈ ಮುಖವೇ.

ಮಿಸ್ತ್ರಿ ಕಾಕಾ ಬಾನೆಟ್ಟು ಎತ್ತಿದರು. ಒಳಗಿರುವುದು ಹರಿಕೇನ್ ಅಲ್ಲ, ಬೊಲೆರೊದ 2523 ಸಿ.ಸಿ. ಡಿ.ಐ. ಡೀಸೆಲ್. ಗೇರ್ ಪೆಟ್ಟಿಗೆ ಐದು ಗೇರಿನದು, ಸ್ಟಿಯರಿಂಗ್ ಪವರ್, ಮುಂದಿನ ಗಾಲಿಗಳಿಗೆ ಡಿಸ್ಕ್ ಬ್ರೇಕು. ಹಳೆಯ ಗಾಡಿಯಲ್ಲಿ ಚಾಲಕನ ಕಾಲ ಬಳಿ ಮೂರು ಕಡ್ಡಿಗಳಿರುತ್ತಿದ್ದವು: ಒಂದು ಗೇರಿಗೆ, ಒಂದು ಮುಂದಿನ ಗಾಲಿಗಳಿಗೆ ಎಳೆತ ಕೊಡಲು, ಮತ್ತೊಂದು ಹೈ–ಲೋಗೆ. ಫಸ್ಟ್ ಗೇರು ಹಾಕಲು ಗಾಡಿ ಪೂರ್ತಿ ನಿಲ್ಲಬೇಕು, ಇಲ್ಲವೇ ಡಬಲ್ ಕ್ಲಚ್ ಒತ್ತಲು ಬರಬೇಕು. ತೆಗೆದ ಆ ಮೂರೂ ಕಡ್ಡಿಗಳನ್ನು ಕಾಕಾ ಎಸೆದಿಲ್ಲ, ಷೆಡ್ಡಿನ ಮೊಳೆಗೆ ತೂಗುಹಾಕಿದ್ದಾರೆ. 'ಈಗಿನ ಹುಡುಗ್ರಿಗೆ ಇದು ಬರೂದಿಲ್ರಿ. ಮಾರಬೇಕಂದ್ರ ಹೊಸದ ಕೂಡಸಬೇಕು. ಖರೇ ಅಂದ್ರ ಹಳೀದ ನಂಗ ಚಲೋ ಅನಸ್ತೈತಿ.'

ಗಾಡಿಯ ಬಣ್ಣ ಕಡು ನೀಲಿ. ಸೇನೆಯ ಹಸಿರನ್ನೇ ಏಕೆ ಬಳಿಯಲಿಲ್ಲ ಎಂದು ಕೇಳಿದೆ. ಕಾಕಾಗೆ ನಿಯಮ ಬಾಯಿಪಾಠ. ಕೇಂದ್ರ ಮೋಟಾರು ವಾಹನ ನಿಯಮಗಳ 121ನೆಯ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿಗಳ ಹೊರತು ಬೇರೆ ಯಾವುದಕ್ಕೂ ಆಲಿವ್ ಹಸಿರು ಬಳಿಯುವಂತಿಲ್ಲ. ಸೇನೆಯಿಂದ ಬಂದ ಜೀಪಿನ ಮೇಲಿನ ಆ ಬಣ್ಣವನ್ನು ಮೊದಲು ಕೆರೆದು ತೆಗೆಯಲೇಬೇಕು. ಸೇವೆ ಮುಗಿಸಿದ ಸಿಪಾಯಿ ವರ್ದಿಯನ್ನು ಮಡಚಿ ಪೆಟ್ಟಿಗೆಯಲ್ಲಿಡುವ ಹಾಗೆ.

ಎಲ್ಲಿಂದ ಬಂದವು

ಜೀಪಿನ ಹುಟ್ಟಿಗೆ ಯುದ್ಧದ ಅವಸರ ಕಾರಣ. 1940ರ ಬೇಸಿಗೆಯಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕೂ ಗಾಲಿ ಎಳೆಯುವ ಹಗುರ ಗಾಡಿಯ ಮೊದಲ ಮಾದರಿಯನ್ನು 49 ದಿನಗಳಲ್ಲಿ ತಂದು ಕೊಡಿ ಎಂದಿತು. ಪೆನ್ಸಿಲ್ವೇನಿಯಾದ ಬಟ್ಲರ್ ಊರಿನ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೋಬ್‌ಸ್ಟ್ ಎಂಬ ಎಂಜಿನಿಯರನ ನಕ್ಷೆ ಹಿಡಿದು ಸೆಪ್ಟೆಂಬರ್ 23ಕ್ಕೆ ಗಾಡಿ ತಂದು ನಿಲ್ಲಿಸಿತು. ಆದರೆ ದೊಡ್ಡ ಆರ್ಡರ್ ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವ ಹೊತ್ತಿಗೆ ಇವೆರಡೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಕಟ್ಟಿದ್ದವು. ಅದರಲ್ಲಿ ಬರ್ಮಾ ಮತ್ತು ಅಸ್ಸಾಂ ಗಡಿಯಲ್ಲಿ ಓಡಿದ ಎಷ್ಟೋ ಗಾಡಿಗಳು ಯುದ್ಧಾನಂತರ ನಮ್ಮ ದೇಶದಲ್ಲೇ ಮಾರಾಟಕ್ಕೆ ಬಂದವು.

1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಶುರುವಾದ ಮಹೀಂದ್ರ ಅಂಡ್ ಮೊಹಮ್ಮದ್ ಕಂಪನಿ, ಪಾಲುದಾರ ಗುಲಾಂ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದ ಮೇಲೆ 1948ರಲ್ಲಿ ಮಹೀಂದ್ರ ಅಂಡ್ ಮಹೀಂದ್ರ ಆಯಿತು. ಮುಂಬಯಿಯ ಮಜಗಾಂವ್‌ನಲ್ಲಿ ಅದು ವಿಲ್ಲೀಸ್ ಬಿಡಿಭಾಗಗಳನ್ನು ತರಿಸಿ ಜೀಪು ಜೋಡಿಸತೊಡಗಿತು. ಸ್ವತಂತ್ರ ಭಾರತದ ಮೊದಲ ದೊಡ್ಡ ಹಗರಣವೂ ಜೀಪಿನದೇ. 1948ರಲ್ಲಿ ಸೇನೆಗೆ ಜೀಪು ತರಿಸಲು ಲಂಡನ್ನಿನಲ್ಲಿ ಆದ ಒಪ್ಪಂದ ಸಂಸತ್ತಿನಲ್ಲಿ ವರ್ಷಗಟ್ಟಲೆ ಚರ್ಚೆಗೆ ಕಾರಣವಾಯಿತು.

1956ರ ನವೆಂಬರ್ 1ರವರೆಗೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಲ್ಲಿತ್ತು. ರಾಮದುರ್ಗ 1948ರ ಮಾರ್ಚ್‌ವರೆಗೆ ಸಂಸ್ಥಾನವಾಗಿಯೇ ಇತ್ತು. ಹೀಗಾಗಿ ಗಾಡಿ, ಸ್ಪೇರು, ಮೆಕ್ಯಾನಿಕ್ಕಿನ ವಿದ್ಯೆ ಎಲ್ಲವೂ ಇಲ್ಲಿಗೆ ಹರಿದುಬಂದದ್ದು ಮುಂಬಯಿ, ಕೊಲ್ಹಾಪುರದ ದಾರಿಯಿಂದ. ಗಾಡಿಯ ನೋಂದಣಿಗೆ ಹೇಳುವ 'ಪಾಸಿಂಗ್', ಹರಾಜಿಗೆ ಹೇಳುವ 'ಲಿಲಾವು' ಎಂಬ ಮಾತುಗಳೂ ಅದೇ ದಾರಿಯವು.

ಮುಂದಿನ ಕಥೆ ಕಾಕಾ ಹೇಳಿದ್ದು. ಸವದತ್ತಿ ಬಳಿ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು ಏಳುತ್ತಿದ್ದ ಕಾಲದಲ್ಲಿ ಎಂಜಿನಿಯರರ, ಓವರ್‌ಸೀಯರರ ಜೀಪುಗಳು ಈ ರಸ್ತೆಗಳಲ್ಲಿ ಎಡೆಬಿಡದೆ ಓಡಾಡಿದವು. ಸರ್ವೆಗೆ, ಕಾಲುವೆ ತೋಡುವುದಕ್ಕೆ ಎರೆಭೂಮಿಯಲ್ಲಿ ಬೇರೆ ಗಾಡಿ ನಡೆಯುತ್ತಿರಲಿಲ್ಲ. ಮಳೆ ಬಿದ್ದ ಎರೆಮಣ್ಣು ಗಾಲಿಗೆ ಮೆತ್ತಿ, ಮಡ್ಗಾರ್ಡಿನ ಒಳಗೆ ತುಂಬಿ, ಕೊನೆಗೆ ಗಾಲಿಯನ್ನೇ ಹಿಡಿದು ನಿಲ್ಲಿಸುತ್ತದೆ. ಎಂಥ ಕಾರಿದ್ದರೂ ಎತ್ತು ಕಟ್ಟಿ ಎಳೆಸಬೇಕು. ಜೀಪಾದರೆ ಕೆಳಗಿನ ಗೇರಿಗೆ ಹಾಕಿ, ಮುಂದಿನ ಗಾಲಿಗೂ ಎಳೆತ ಕೊಟ್ಟು ಹೊರಬರುತ್ತಿತ್ತು. ಆಗಿನ್ನೂ ಹುಡುಗನಾಗಿದ್ದ ಕಾಕಾ ಬೆಳಗಾವಿಯ ಗ್ಯಾರೇಜೊಂದರಲ್ಲಿ ಪಾನಾ ಎತ್ತಿಕೊಡುವ ಕೆಲಸಕ್ಕೆ ಸೇರಿದ್ದರು. ಅಣೆಕಟ್ಟಿನ ಕೆಲಸ ಮುಗಿದು ಇಲಾಖೆಗಳ ಗಾಡಿಗಳು ಒಂದೊಂದಾಗಿ ಲಿಲಾವಿಗೆ ಬಂದಾಗ ಅವರು ಸ್ವಂತ ಷೆಡ್ಡು ಹಾಕಿದರು. ಮೊದಲು ಕೊಂಡವರು ಹತ್ತಿ ದಲಾಲರು, ಕಬ್ಬಿನ ರೈತರು. ಆಮೇಲೆ ಯಲ್ಲಮ್ಮನ ಗುಡ್ಡದ ಜಾತ್ರೆಗೆ ಬಾಡಿಗೆ ಓಡಿಸುವವರು. ಈಗ ಮೆರವಣಿಗೆಯವರು.

ಮರದ ತುಂಡು ಮತ್ತು ಪೆನ್ಸಿಲು

ಜೀಪು ಕಟ್ಟುವುದೆಂದರೆ ಮೊದಲು ಅದನ್ನು ಪೂರ್ತಿ ಬಿಚ್ಚುವುದು. ಮೈ ಒಂದು ಕಡೆ, ಚಾಸಿ ಒಂದು ಕಡೆ. ಚಾಸಿಯನ್ನು ಇಟ್ಟಿಗೆಗಳ ಮೇಲೆ ಮಟ್ಟಸವಾಗಿ ಕೂರಿಸಿ, ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆಯುತ್ತಾರೆ. ಎರಡು ಕರ್ಣಗಳ ಅಳತೆ ಕೂಡದಿದ್ದರೆ ಚಾಸಿ ಸೊಟ್ಟ. ಸೊಟ್ಟ ಚಾಸಿಯ ಮೇಲೆ ಎಷ್ಟು ಚಂದದ ಮೈ ಕೂರಿಸಿದರೂ ಗಾಡಿ ಒಂದು ಬದಿಗೆ ಎಳೆಯುತ್ತಲೇ ಇರುತ್ತದೆ.

ಕಾಕಾ ನನ್ನ ಕೈಗೆ ಕಪ್ಪಾದ, ಬೆರಳಿಟ್ಟರೆ ಪುಡಿಯಾಗುವ ಮರದ ತುಂಡೊಂದನ್ನು ಕೊಟ್ಟರು. ಯುದ್ಧಕಾಲದ ವಿಲ್ಲೀಸ್ ಜೀಪಿನ ನೆಲದ ತಗಡಿನ ಅಡಿ, ಟೊಪ್ಪಿಗೆ ಬೋರಲು ಹಾಕಿದಂತೆ ಬಾಗಿಸಿದ ಉಕ್ಕಿನ ಪಟ್ಟಿಗಳಿರುತ್ತವೆ. ಮೈಯನ್ನು ಚಾಸಿಗೆ ಬಿಗಿಯುವ ಬೋಲ್ಟುಗಳು ಅದರಲ್ಲೇ ಇಳಿಯುವುದು. ಆ ಪಟ್ಟಿಯೊಳಗೆ ಓಕ್ ಮರದ ತುಂಡುಗಳನ್ನು ತುಂಬಿದ್ದರು. ಉಕ್ಕು ಉಳಿಸಬೇಕಾದ ಯುದ್ಧಕಾಲಕ್ಕೆ ಅದು ಸರಿಯಾಗಿಯೇ ಇತ್ತು. ನಾಲ್ಕು ಮಳೆಗಾಲ ನೀರು ಕುಡಿದ ಮರ ಒಣಗುವುದಿಲ್ಲ. ಅದರ ತೇವಕ್ಕೆ ಸುತ್ತಲಿನ ತಗಡು ಒಳಗಿನಿಂದ ಕೊಳೆಯುತ್ತದೆ. ಮೇಲೆ ಬಣ್ಣ ಹೊಳೆಯುತ್ತಿರುತ್ತದೆ, ಅಡಿಯಲ್ಲಿ ಬೋಲ್ಟು ಗಾಳಿಯಲ್ಲಿರುತ್ತದೆ. ಹಳೆಯ ಜೀಪು ಕೊಳ್ಳುವವರು ಮೊದಲು ನೆಲದಲ್ಲಿ ಮಲಗಿ ಅಡಿಯನ್ನು ನೋಡಬೇಕು ಎಂದು ಕಾಕಾ ಮತ್ತೆ ಮತ್ತೆ ಹೇಳುವುದು ಇದಕ್ಕೇ. ಅವರ ಜೇಬಿನಲ್ಲಿ ಸದಾ ಒಂದು ಅಯಸ್ಕಾಂತ ಇರುತ್ತದೆ. ಬಾಗಿಲಿಲ್ಲದ ಬದಿಯ ತಗಡಿಗೆ ಅದನ್ನು ಹಿಡಿದು ಸರಿಸುತ್ತಾ ಹೋಗುತ್ತಾರೆ. ಹಿಡಿತ ಬಿಟ್ಟಲ್ಲಿ ತಗಡಿಲ್ಲ, ಬರೀ ಪುಟ್ಟಿ.

ಕಾಕಾ ಆ ಮರದ ಬದಲು ದಪ್ಪ ಉಕ್ಕಿನ ಪಟ್ಟಿ ಕೂಡಿಸಿ, ನೀರು ಇಳಿದುಹೋಗಲು ತೂತು ಬಿಡುತ್ತಾರೆ. ತಗಡನ್ನು ಮರದ ದಿಮ್ಮಿಯ ಮೇಲಿಟ್ಟು ಕೈಸುತ್ತಿಗೆಯಲ್ಲೇ ಬಾಗಿಸುತ್ತಾರೆ. ಮಡ್ಗಾರ್ಡಿನ ತುದಿಯ ಮಡಿಕೆಗೆ ಬಂದಾಗ ಮಾತು ನಿಲ್ಲಿಸುತ್ತಾರೆ. ಒಂದು ಏಟು ಹೆಚ್ಚಾದರೆ ಅಂಚು ಸೀಳುತ್ತದೆ. ಕ್ರ್ಯಾಂಕು, ಬೋರಿಂಗ್ ಕೆಲಸಕ್ಕೆ ಬೆಳಗಾವಿಯ ಉದ್ಯಮಬಾಗ ಕೈಗಾರಿಕಾ ಪ್ರದೇಶವೇ ಗತಿ. ಎರಕದ ಕೆಲಸಕ್ಕೆ ಹೆಸರಾದ ಆ ಊರು ಹತ್ತಿರ ಇರದಿದ್ದರೆ ಈ ಕಸುಬೇ ಇಲ್ಲಿ ನಿಲ್ಲುತ್ತಿರಲಿಲ್ಲ ಎನ್ನುತ್ತಾರೆ. ವೈರಿಂಗ್, ಸೀಟು, ಹುಡ್ಡಿನ ಹೊಲಿಗೆ ಊರಿನ ಬೇರೆ ಬೇರೆ ಅಂಗಡಿಗಳ ಪಾಲು.

ಕಿವಿಯ ಮೇಲಿನ ಪೆನ್ಸಿಲಿನ ಕೆಲಸ ಕೊನೆಗೆ ಗೊತ್ತಾಯಿತು. ಚಾಸಿಯ ಮೇಲೆ ಕುಟ್ಟಿದ ಅಂಕಿಗಳನ್ನು ಮರಳು ಕಾಗದದಿಂದ ತಿಕ್ಕಿ ಬೆಳಗಿಸಿ, ಮೇಲೆ ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲನ್ನು ಮಲಗಿಸಿ ಉಜ್ಜಿದರು. ಬೂದು ಬಣ್ಣದಲ್ಲಿ ಅಂಕಿ ಒಂದೊಂದೇ ಮೂಡಿತು. ಪಾಸಿಂಗಿಗೆ ಬೇಕಾದ ಚಾಸಿ ಪ್ರಿಂಟು ಇದೇ. ಎಂಜಿನ್ನು ಬದಲಾಗಬಹುದು, ಮೈ ಬದಲಾಗಬಹುದು, ಆದರೆ ಕಾನೂನಿನ ಕಣ್ಣಿಗೆ ಗಾಡಿ ಎಂದರೆ ಈ ಅಂಕಿ. ಅಂಕಿ ತುಕ್ಕು ಹಿಡಿದು ಅಳಿಸಿಹೋದ ಗಾಡಿಯನ್ನು ಕಾಕಾ ಮುಟ್ಟುವುದಿಲ್ಲ.

ಮೂಲವೋ, ಮಾರ್ಪಾಡೋ

ಜಗತ್ತಿನ ಇನ್ನೊಂದು ತುದಿಯಲ್ಲೂ ಇದೇ ಕಸುಬು ನಡೆಯುತ್ತದೆ, ಗಾಡಿ ಮಾತ್ರ ಬೇರೆ. ಅಮೆರಿಕದಲ್ಲಿ 1964ರಲ್ಲಿ ಬಂದ ಪಾಂಟಿಯಾಕ್ ಜಿಟಿಒ, ಅದೇ ವರ್ಷ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವಮೇಳದಲ್ಲಿ ಅನಾವರಣಗೊಂಡ ಫೋರ್ಡ್ ಮಸ್ಟಾಂಗ್ ಆ ತಲೆಮಾರಿನ ಯುವಕರ ಕನಸು. ಜಿಟಿಒದ ಎಂಟು ಸಿಲಿಂಡರಿನ ಎಂಜಿನ್ನು 6.4 ಲೀಟರಿನದು. ಅವುಗಳ ಮಡಚುವ ಚಾವಣಿಯ ಮಾದರಿಗಳನ್ನು ಈಗ ಹುಡುಕಿ ತಂದು, ಹೊರಗಿನ ರೂಪ ಉಳಿಸಿಕೊಂಡು, ಒಳಗೆ ಹೊಸ ಎಂಜಿನ್ನು, ಡಿಸ್ಕ್ ಬ್ರೇಕು, ಪವರ್ ಸ್ಟಿಯರಿಂಗ್ ಕೂಡಿಸಿ ದೊಡ್ಡ ಬೆಲೆಗೆ ಮಾರುತ್ತಾರೆ. ಕಂಪನಿಯಿಂದ ಬಂದ ಹಾಗೆಯೇ ಇರಬೇಕು ಎನ್ನುವವರಿಗೂ, ದಿನಾ ಓಡಿಸಲು ಬರಬೇಕು ಎನ್ನುವವರಿಗೂ ಅಲ್ಲಿ ಮುಗಿಯದ ವಾದ. ಆ ಕಾರುಗಳು ನಮ್ಮಲ್ಲಿಗೆ ಬರಲಿಲ್ಲವೆಂದೇ ಹೇಳಬೇಕು. ಹಳೆಯ ಕಾರುಗಳ ಆಮದು ಇತ್ತೀಚಿನವರೆಗೂ 1950ಕ್ಕಿಂತ ಹಿಂದಿನವಕ್ಕೆ ಸೀಮಿತವಾಗಿತ್ತು. ಅಮೆರಿಕದ ತೆರೆದ ಗಾಡಿಗಳಲ್ಲಿ ನಮ್ಮ ರೈತನ ಹೊಲದವರೆಗೆ ಬಂದದ್ದು ಜೀಪು ಒಂದೇ.

ಅದೇ ವಾದ ನಮ್ಮಲ್ಲಿ ಕಾನೂನಿನ ರೂಪ ತಾಳಿದೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆ ನಿಯಮ ತಂದಿತು. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಗಾಡಿಗೆ 20,000 ರೂಪಾಯಿ ಶುಲ್ಕ ಕಟ್ಟಿದರೆ 'ವಿಎ' ಅಕ್ಷರಗಳಿರುವ ನಂಬರು, 10 ವರ್ಷದ ನೋಂದಣಿ. ಆದರೆ ಚಾಸಿ, ಮೈ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಪ್ರದರ್ಶನ, ರ್‍ಯಾಲಿ, ದುರಸ್ತಿಗಲ್ಲದೆ ದಿನನಿತ್ಯ ಓಡಿಸುವಂತಿಲ್ಲ. ಧರ್ಮಸ್ಥಳದ ಮಂಜೂಷಾದಲ್ಲಿ, ಶ್ರೀರಂಗಪಟ್ಟಣ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಹೊಳೆಯುವ ಕಾರುಗಳ ಬಗೆಗೆ ಈ ಗೌರವ ಸರಿಯಾಗಿಯೇ ಇದೆ. ಎಂಜಿನ್ನು ಬದಲಿಸಿಕೊಂಡು ದುಡಿಯುತ್ತಲೇ ಇರುವ ಜೀಪಿಗೆ ಈ ನಿಯಮದಲ್ಲಿ ಜಾಗವಿಲ್ಲ.

ಇತ್ತ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ, ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಗಾಡಿಯನ್ನು ಬೇರೆ ಮಾಡುವಂತಿಲ್ಲ ಎನ್ನುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೇರಳದ ಪ್ರಕರಣವೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಎಂಜಿನ್ನು ಬದಲಿಗೆ ಆರ್‌ಟಿಒ ಅನುಮತಿಯ ದಾರಿ ಇದೆ; ಅನುಮತಿ ಇಲ್ಲದ ಮಾರ್ಪಾಡಿಗೆ ಒಂದೊಂದಕ್ಕೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ. ರಸ್ತೆಯ ಸುರಕ್ಷತೆಗೆ ಇಂಥ ಕಾನೂನು ಬೇಕು, ಅನುಮಾನವಿಲ್ಲ. ಕಿವಿಗಡಚಿಕ್ಕುವ ಹಾರ್ನು, ಅಳತೆ ಮೀರಿದ ಟಯರು, ಕಣ್ಣು ಕುಕ್ಕುವ ದೀಪ ಕೂಡಿಸಿದ ಗಾಡಿಗಳನ್ನು ಕಂಡರೆ ಕಾಕಾಗೂ ಸಿಟ್ಟೇ. ಆದರೆ ಡ್ರಮ್ ಬ್ರೇಕು ತೆಗೆದು ಡಿಸ್ಕ್ ಹಾಕಿದವನನ್ನೂ ಹಾರ್ನು ಹಾಕಿದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವೆನಿಸುವುದಿಲ್ಲ.

ಇದಕ್ಕಿಂತ ದೊಡ್ಡ ಪೆಟ್ಟು 2023ರ ಏಪ್ರಿಲ್ 1ರಿಂದ ಬಿದ್ದಿದೆ. 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ಈಗ ನವೀಕರಣ ಆಗುವುದಿಲ್ಲ, ಅವು ನೇರ ನೋಂದಾಯಿತ ಗುಜರಿ ಕೇಂದ್ರ ಸೇರಬೇಕು. ಹಳೆಯ ಹೊಗೆಗಾಡಿಗಳು ರಸ್ತೆ ಬಿಡುವುದು ಒಳ್ಳೆಯದೇ. ಆದರೆ ಇಲಾಖೆಯ ಅಂಗಳದಿಂದ ಮಿಸ್ತ್ರಿಯ ಷೆಡ್ಡಿಗೆ ಬರುತ್ತಿದ್ದ ದಾರಿ ಇದರಿಂದ ಮುಚ್ಚಿತು. ಖಾಸಗಿ ಹಳೆಯ ಗಾಡಿಯ ನವೀಕರಣ ಶುಲ್ಕವೂ 2022ರಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 'ಲಿಲಾವೇ ಇಲ್ಲಂದ್ರ ಚಾಸಿ ಎಲ್ಲಿಂದ ತರೂದ್ರಿ?' ಎಂಬ ಕಾಕಾನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸೀಮೆಯೊಳಗೆ ಉಳಿದರೆ

ಮಾಡಬಹುದಾದ ಕೆಲಸಗಳು ಕಷ್ಟದವೇನಲ್ಲ. ಕೆಎ-24 ನಂಬರಿನ ಆರ್‌ಟಿಒ ಬೈಲಹೊಂಗಲದಲ್ಲೇ ಇದೆ. ಮರುಕಟ್ಟಿದ ಜೀಪುಗಳನ್ನು ಒಂದು ನಿಗದಿತ ದಿನ ಕರೆಸಿ, ಬ್ರೇಕು, ಸ್ಟಿಯರಿಂಗು, ಹೊಗೆ ಪರೀಕ್ಷಿಸಿ, ಸುರಕ್ಷಿತವಾದದ್ದಕ್ಕೆ ಕಾನೂನಿನ ಚೌಕಟ್ಟಿನಲ್ಲೇ ದಾಖಲೆ ಸರಿಪಡಿಸಿಕೊಡಬಹುದು. ಐಟಿಐ ಹುಡುಗರನ್ನು ಕೆಲವು ವಾರ ಇಂಥ ಷೆಡ್ಡುಗಳಿಗೆ ಕಳಿಸಬಹುದು. ತಗಡು ಬಾಗಿಸುವ ವಿದ್ಯೆ ಪುಸ್ತಕದಿಂದ ಬರುವಂಥದ್ದಲ್ಲ. ಪ್ರತಿ ಅಕ್ಟೋಬರ್ 23ರಿಂದ ಮೂರು ದಿನ ನಡೆಯುವ ಕಿತ್ತೂರು ಉತ್ಸವದಲ್ಲಿ ಈ ಗಾಡಿಗಳ ಒಂದು ಸಾಲು ಮೆರವಣಿಗೆಯಲ್ಲಿ ಸಾಗಲಿ, ಕಟ್ಟಿದವರ ಹೆಸರು ಅದರ ಮೇಲಿರಲಿ.

ನೀಲಿ ಜೀಪನ್ನು ಕೇಳಿಕೊಂಡು ಫೋನುಗಳು ಬರುತ್ತಿವೆ, ಹೆಚ್ಚಿನವು ಗೋವಾದಿಂದ, ಬೆಂಗಳೂರಿನಿಂದ. ಫೋಟೊ ತೆಗೆದು ಮೊಬೈಲಿನಲ್ಲಿ ಹಾಕಿದವನು ಪುಣೆಯಲ್ಲಿ ನೌಕರಿಯಲ್ಲಿರುವ ಮಗ. ಸುತ್ತಿಗೆಯ ಕೆಲಸ ಅವನು ಕಲಿಯಲಿಲ್ಲ, ಅದಕ್ಕೆ ಕಾಕಾ ಅವನ ಮೇಲೆ ಬೇಸರಪಟ್ಟುಕೊಂಡಿಲ್ಲ. ಅವರ ಆಸೆ ಒಂದೇ. ಗಾಡಿ ರಾಮದುರ್ಗಕ್ಕೆ ಹೋಗಲಿ, ಮುನವಳ್ಳಿಗೆ ಹೋಗಲಿ, ಆದರೆ ಈ ಸೀಮೆ ದಾಟದಿರಲಿ. 'ಇಲ್ಲೇ ಇದ್ರ ವರ್ಷಕ್ಕೊಮ್ಮೆ ನಾ ಹೋಗಿ ನೋಡಿ ಬರ್ತೇನ್ರಿ. ಎಲ್ಲಿ ಸಪ್ಪಳ ಬಂತಂದ್ರ ನಂಗ ಗೊತ್ತಾಗ್ತೈತಿ. ದೂರ ಹೋದ್ರ ಅದನ್ನ ಯಾರ ಕೇಳ್ತಾರ?' ಒಂದೆರಡು ಸಾವಿರ ಕಡಿಮೆಯಾದರೂ ಊರ ಕಡೆಯವರಿಗೇ ಕೊಡುವುದೆಂದು ಅವರು ತೀರ್ಮಾನಿಸಿದ್ದಾರೆ. ಗೋವಾದವರಿಗೆ ಇನ್ನೂ ಹೌದು ಎಂದಿಲ್ಲ. ಊರ ಕಡೆಯಿಂದ ಕೇಳಿಕೊಂಡು ಈವರೆಗೆ ಯಾರೂ ಬಂದಿಲ್ಲ.